ಅವಸರಂ ಲೇದು

ಸಹನಾ ಯಾರ ಮನೆಯ ಬೆಲ್ಲನ್ನೂ ಎರಡು ಸಲ ಒತ್ತುವವಳಲ್ಲ. ಒಮ್ಮೆ ಒತ್ತಿ, ಹತ್ತು ಎಣಿಸುವಷ್ಟು ಹೊತ್ತು ನಿಂತು, ಬಾಗಿಲು ತೆರೆಯದಿದ್ದರೆ ಮೆಟ್ಟಿಲು ಇಳಿದುಬಿಡುತ್ತಾಳೆ. ಅವಳನ್ನು ಮದುವೆಯಾಗಲಿರುವ ಕೃಷ್ಣಚೈತನ್ಯ ಇದನ್ನು ಕಂಡು, "ಕೊರಿಯರ್‌ನವರಾದರೂ ನಿನಗಿಂತ ಹೆಚ್ಚು ಹೊತ್ತು ನಿಲ್ತಾರೆ" ಎಂದು ನಗುತ್ತಾನೆ.

ಈ ಬುದ್ಧಿ ಬಂದದ್ದು ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಮನೆಯಿಂದ. ಅಲ್ಲಿ ಅವಳು ಅನ್ನದ ಜೊತೆಗೇ ಕಲಸಿಕೊಂಡು ತಿಂದು ಬೆಳೆದ ಕಥೆ ಒಂದೇ: ವಿಜಯವಾಡದವರಿಗೆ ನಾವು ಬೇಡವಾದೆವು. ಅಮ್ಮ ಕಮಲಾಕ್ಷಿ ಅರಸೀಕೆರೆಯವಳು, ಅಪ್ಪ ಜಗನ್ಮೋಹನ್ ವಿಜಯವಾಡದ ಪಟಮಟದವರು. ಸಹನಾ ಇನ್ನೂ ಹುಟ್ಟಿರಲಿಲ್ಲ, ಅವರ ಮದುವೆಯಾಗಿ ಆರು ತಿಂಗಳಾಗಿತ್ತು ಅಷ್ಟೆ. ಅಪ್ಪನ ಅಮ್ಮ ಕಾಯಿಲೆ ಬಿದ್ದರು. ವಿಶಾಖಪಟ್ಟಣಕ್ಕೆ ಕರೆತರುತ್ತೇನೆ ಎಂದಿದ್ದ ಅಪ್ಪನ ಅಕ್ಕ ಭ್ರಮರಾಂಬ ಕರೆತರಲೇ ಇಲ್ಲ. ಮೂರು ವಾರಕ್ಕೆ ಮುದುಕಿ ತೀರಿಕೊಂಡರು.

"ಕನ್ನಡದವಳ ಕೈನೀರು ಅವರಿಗೆ ಆಗಲಿಲ್ಲ ಕಣೆ" ಎನ್ನುವಳು ಅಮ್ಮ. ಊರಿಗೆ ಹೋಗುವಾಗ ರೈಲು ವಿಜಯವಾಡದಲ್ಲಿ ನಿಂತರೆ ಸಾಕು, ಸೆರಗನ್ನು ಮುಖದ ಮೇಲೆಳೆದು ನಿದ್ದೆ ಬಂದವಳಂತೆ ಮಲಗುವಳು. ಯಾರ ಮನೆಯಲ್ಲೂ ಕುರ್ಚಿಯ ಅಂಚು ಬಿಟ್ಟು ಹಿಂದಕ್ಕೆ ಸರಿದವಳಲ್ಲ. ಅಪ್ಪನೋ, ಎರಡೂ ಮನೆಯವರ ಮಾತಿಗೆ ತಲೆಯಾಡಿಸಿಕೊಂಡು ಇಪ್ಪತ್ತೇಳು ವರ್ಷ ಕಳೆದರು.

ಈಗ ಸಹನಾಳ ಮದುವೆಗೆ ಎಂಟು ದಿನ ಉಳಿದಿರುವಾಗ ಅದೇ ಅಪ್ಪ, "ಅಕ್ಕ ಬರದಿದ್ದರೆ ನಾನು ಧಾರೆಗೆ ಕೂರೋದಿಲ್ಲ" ಎಂದುಬಿಟ್ಟರು.

"ಹಾಗಾದ್ರೆ ಹೋಗಿ ಕರ್ಕೊಂಡು ಬನ್ನಿ" ಎಂದಳು ಅಮ್ಮ.

"ನನ್ನ ಫೋನೇ ಎತ್ತೋದಿಲ್ಲ ಅವಳು."

ಕೊನೆಗೆ ಬೆಳಗಿನ ರೈಲು ಹತ್ತಿದ್ದು ಸಹನಾ. ಕೂತಲ್ಲಿ ಕೂರಲಾಗಲಿಲ್ಲ. ಬಾಗಿಲಿಗೂ ಸೀಟಿಗೂ ಓಡಾಡಿದಳು. ಎದುರಿನ ಹೆಂಗಸು ತಡೆಯಲಾರದೆ, "ಏನಮ್ಮಾ, ನಡೆದುಕೊಂಡೇ ಹೋಗೋದಾಗಿದ್ದರೆ ಟಿಕೆಟ್ ಯಾಕೆ ತಗೊಂಡೆ?" ಎಂದಳು. ವಿಜಯವಾಡದಲ್ಲಿ ಇಳಿದು ಆಟೊ ಹಿಡಿದರೆ ಬೆಂಜ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಅದು ಅಲ್ಲಾಡಲಿಲ್ಲ. ಇಳಿದು ವಾಪಸ್ ಹೋಗೋಣ ಎಂದು ಮೂರು ಸಲ ಅನಿಸಿತು.

ಪಟಮಟದ ಮನೆ ಮೊದಲ ಮಹಡಿಯಲ್ಲಿತ್ತು. ಬೆಲ್ ಒತ್ತಿದಳು. ಹತ್ತು ಎಣಿಸಿದಳು. ನಾಲ್ಕು ಮೆಟ್ಟಿಲು ಇಳಿದೂ ಬಿಟ್ಟಳು. ಆಮೇಲೆ ಅಪ್ಪನ ಮುಖ ನೆನಪಾಗಿ, ಹತ್ತಿ ಬಂದು, ಕಣ್ಣು ಮುಚ್ಚಿ ಇನ್ನೊಮ್ಮೆ ಒತ್ತಿದಳು.

ಬಾಗಿಲು ತೆರೆಯಿತು. "ಒಂದು ಸಲ ಒತ್ತಿದರೆ ಸಾಲದಾ? ನಡೆದು ಬರಬೇಕಾದ ಮೊಣಕಾಲು ನಿನ್ನದಾ, ನನ್ನದಾ?" ತೆಲುಗಿನಲ್ಲಿ ಗದರಿದ ಭ್ರಮರಾಂಬ ತಟ್ಟನೆ ನಿಂತರು. "ಜಗನ್ ಮಗಳಾ? ಮೂಗು ಅವನದೇ. ಬಾ."

ನೀರು ಕೊಟ್ಟರು. ಸಹನಾ ಮುಂದಿಟ್ಟ ಲಗ್ನಪತ್ರಿಕೆಯನ್ನು ಮಾತ್ರ ಮುಟ್ಟಲಿಲ್ಲ.

"ಈಗ ನಿಮ್ಮಮ್ಮನಿಗೆ ನಾನು ಬೇಕಾದೆನಾ?"

"ಅಮ್ಮ ಯಾವಾಗ ಬೇಡ ಅಂದಳು ಅತ್ತಾ?"

"ಕೇಳು. ನನಗೂ ಸೊಸೆ ಬಂದಿದ್ದಾಳೆ. ಒಳ್ಳೆಯವಳೇ. ಎರಡು ಬೀದಿ ಆಚೆ ಅವಳ ಮನೆ. ಒಂದು ದಿನಾನೂ ಅಲ್ಲಿ ಮಲಗಿಲ್ಲ ನಾನು. ಯಾಕೆ? ಸೊಸೆಯಂದಿರಿಗೆ ಒಳಗೊಂದು ಹೊರಗೊಂದು ಅಂತ ನಿಮ್ಮಮ್ಮ ಕಲಿಸಿಕೊಟ್ಟಳು. 'ಅಮ್ಮನನ್ನ ಸೋಮವಾರ ಕರೆತರಲಾ?' ಅಂತ ಫೋನ್ ಮಾಡಿದೆ. 'ಅವಸರಂ ಲೇದು ವದಿನಾ' ಅಂದಳು. ನಗುನಗುತ್ತಾ ಅಂದಳು! ಹೆತ್ತಮ್ಮನಿಗೆ ಅದನ್ನ ಹೇಗೆ ಹೇಳಲಿ?"

ಸಹನಾ ಎದ್ದು ನಿಂತಳು. ಮತ್ತೆ ಕೂತಳು. ಶಾಲೆಯಲ್ಲಿ ತೆಲುಗು, ಅಡುಗೆಮನೆಯಲ್ಲಿ ಕನ್ನಡ ಕಲಿತವಳು ಅವಳು. ತೆಲುಗಿನಲ್ಲಿ 'ಅವಸರಂ' ಅಂದರೆ ಅಗತ್ಯ, 'ಅವಸರಂ ಲೇದು ವದಿನಾ' ಅಂದರೆ ಅಗತ್ಯವಿಲ್ಲ ಅತ್ತಿಗೆ; ಕನ್ನಡದಲ್ಲಿ ಅವಸರ ಅಂದರೆ ಆತುರ. ಹೊಸದಾಗಿ ಬಂದಿದ್ದ ಅಮ್ಮ ಕನ್ನಡದ ಮಾತಿಗೆಲ್ಲ ಬಾಲಕ್ಕೊಂದು 'ಅಂ' ಅಂಟಿಸಿ ತೆಲುಗು ಆಯಿತೆಂದುಕೊಳ್ಳುತ್ತಿದ್ದಳಂತೆ.

"ಅತ್ತಾ, ಅಮ್ಮ ಬೇಡ ಅಂದಿಲ್ಲ. ನಿಧಾನವಾಗಿ ಬನ್ನಿ ಅಂದಿದ್ದಾಳೆ."

"ಇದನ್ನ ಯಾರು ಹೇಳಿಕೊಟ್ಟು ಕಳಿಸಿದರು?"

ಸಹನಾ ಫೋನ್ ತೆಗೆದು ಸ್ಪೀಕರ್ ಹಾಕಿದಳು. "ಅಮ್ಮಾ, ಆವತ್ತು ಅಜ್ಜಿನ ಕರೆತರೋ ವಿಷಯಕ್ಕೆ ಅತ್ತೆ ಫೋನ್ ಮಾಡಿದಾಗ ನೀನು ಏನಂದೆ?"

"ಏನನ್ನಲಿ? ಮುದುಕಿಗೆ ಕುಕ್ಕರುಗಾಲಲ್ಲಿ ಕೂರೋಕಾಗಲ್ಲ ಅಂತ ಕಮೋಡ್ ಹಾಕಿಸ್ತಿದ್ದೆ. ಸಿಮೆಂಟ್ ಒಣಗಲಿ, ಅವಸರ ಇಲ್ಲ ಅಂದಿರ್ಬೇಕು. ಒಣಗ್ತು. ಅವರೇ ಬರಲಿಲ್ಲ. ಯಾಕೇ? ಏನಂದ್ರು ನಿಂಗೆ? ಎದ್ದು ಬಂದುಬಿಡು ಅಲ್ಲಿಂದ."

ಕಮೋಡ್, ಸಿಮೆಂಟ್, ಅವಸರ. ಮೂರು ಮಾತು ಭ್ರಮರಾಂಬರಿಗೆ ಸಿಕ್ಕಿದವು. ಮಿಕ್ಕಿದ್ದನ್ನು ಸಹನಾ ಹೇಳಿದಳು.

ಅತ್ತೆ ಎದ್ದು ಕಿಟಕಿ ಮುಚ್ಚಿದರು, ಮತ್ತೆ ತೆರೆದರು. "ಕಮೋಡ್ ಕೂರಿಸ್ತಿದ್ದಳಾ? ನಮ್ಮಮ್ಮನಿಗಾ?" ಆಮೇಲೆ ಸಿಟ್ಟು ಬಂತು, ಯಾರ ಮೇಲೆಂದು ಅವರಿಗೇ ಗೊತ್ತಾಗಲಿಲ್ಲ. "ಈ ಕಥೆಯನ್ನ ಎಷ್ಟು ಜನಕ್ಕೆ ಹೇಳಿದ್ದೀನಿ ಗೊತ್ತಾ? ನನ್ನ ಸೊಸೆಗೇ ಹೇಳಿದ್ದೀನಿ, ಮುಖಕ್ಕೇ! ಈಗ ಅವರಿಗೆಲ್ಲ ಏನು ಹೇಳಲಿ?"

ಆ ಕಮೋಡ್ ನೋಡದೆಯೇ ಹೋದ ಅಜ್ಜಿಗಂತೂ ಇನ್ನು ಯಾರೂ ಏನೂ ಹೇಳುವಂತಿರಲಿಲ್ಲ.

ಭ್ರಮರಾಂಬ ಫೋನನ್ನು ಬಾಯಿಯ ಹತ್ತಿರ ಎಳೆದುಕೊಂಡರು. "ಕಮಲಾ, ನಾನು. ಮದುವೆಗೆ ನಾನು ಬರೋದು ಅವಸರಮಾ?"

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು. ಇನ್ನೊಂದು ಸಲ ಕೂಗಿತು. ಯಾರೂ ಆರಿಸಲಿಲ್ಲ.

"ಅವಸರಂ, ವದಿನಾ" ಎಂದಳು ಅಮ್ಮ. "ಚಾಲಾ ಅವಸರಂ, ತುಂಬಾ."

ಅದು ಯಾವ ಭಾಷೆಯ ಅವಸರ ಎಂದು ಯಾರೂ ಕೇಳಲಿಲ್ಲ. ಭ್ರಮರಾಂಬ ಬೀರುವಿನಿಂದ ಸೀರೆ ತೆಗೆದು ಚೀಲಕ್ಕೆ ತುಂಬಿದರು, ಬೇಡವೆಂದು ಹೊರಗಿಟ್ಟರು, ಮತ್ತೆ ತುಂಬಿದರು. ಚೀಲದ ಜಿಪ್ಪು ಎಳೆಯುತ್ತಾ ತಲೆ ಎತ್ತದೆ ಕೇಳಿದರು:

"ಆ ಕಮೋಡ್ ಇನ್ನೂ ಇದೆಯಾ?"

"ಇದೆ ಅತ್ತಾ."

"ಸರಿ. ನನ್ನ ಮೊಣಕಾಲೂ ಈಗ ಅಮ್ಮನದರ ಹಾಗೇ."