ಅತ್ತೆಯ ನೆಗಡಿ ಕಡಲು ದಾಟಿದ್ದು

ಆಸ್ಪತ್ರೆಯ ಹಿಂಭಾಗದ ಆ ಎರಡು ಕೋಣೆಯ ಸರ್ಕಾರಿ ಲ್ಯಾಬಿಗೆ ಇದ್ದದ್ದು ಒಂದೇ ಕೆಲಸ. ಫ್ಲೂ ಜ್ವರ ಬಂದವರ ಗಂಟಲಿಗೆ ಹತ್ತಿಕಡ್ಡಿ ಹಾಕಿ, ಸಿಕ್ಕಿದ್ದನ್ನು ಡ್ರೈ ಐಸ್ ಪೆಟ್ಟಿಗೆಯಲ್ಲಿಟ್ಟು ಹೊರದೇಶದ ದೊಡ್ಡ ಲ್ಯಾಬಿಗೆ ಕಳಿಸುವುದು. ಲೋಕದ ಮೂಲೆಮೂಲೆಯಿಂದ ಹೀಗೆ ಬಂದ ನೆಗಡಿಗಳಲ್ಲಿ ಮುಂದಿನ ವರ್ಷ ಯಾವುದು ಜೋರು ಮಾಡೀತೆಂದು ನೋಡಿ, ಅಲ್ಲಿಯವರು ಲಸಿಕೆಗೆ ಆರಿಸುತ್ತಿದ್ದರು. ಆ ಲಸಿಕೆ ಸ್ಯಾಂಪಲ್ ಕಳಿಸಿದ ದೇಶಕ್ಕೂ ಬರುತ್ತಿತ್ತು, ಕಳಿಸದ ದೇಶಕ್ಕೂ ಬರುತ್ತಿತ್ತು. ಹನ್ನೊಂದು ವರ್ಷದಿಂದ ಈ ಎರಡು ಕೋಣೆಯಲ್ಲೇ ಇದ್ದ ಟೆಕ್ನಿಷಿಯನ್‌ಗೆ ಈ ಕೆಲಸವೆಂದರೆ ಪ್ರಾಣ.

ಮೇಲಧಿಕಾರಿಗೆ ಮಾತ್ರ ಅದು ಕಣ್ಣಲ್ಲಿ ಬಿದ್ದ ಕಸ. "ನೋಡಮ್ಮ, ಪರದೇಶದವರಿಗೆ ನಮ್ಮ ನೆಗಡಿ ಕಳಿಸೋಕೆ ಒಂದು ಲ್ಯಾಬು. ಈ ಸಲ ಐವತ್ತು ಸ್ಯಾಂಪಲ್ ಆಗದಿದ್ರೆ ಬೀಗ ಹಾಕಿ, ನಿಮ್ಮನ್ನ ಗಡಿ ಕಡೆಗೆ ಎತ್ತಂಗಡಿ ಮಾಡ್ತೀನಿ."

ಆ ವರ್ಷ ಊರಿಗೆ ಊರೇ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಪೆಟ್ಟಿಗೆ ಶುಕ್ರವಾರ ಹೊರಡಬೇಕು. ಗುರುವಾರ ಸಂಜೆಗೆ ನಲವತ್ತೊಂಬತ್ತು. ತಲೆ ಮೇಲೆ ಕೈ ಹೊತ್ತು ಮನೆಗೆ ಬಂದರೆ ಅತ್ತೆ ಕಂಬಳಿ ಹೊದ್ದು ಕೆಮ್ಮುತ್ತಿದ್ದಾರೆ, ಮೈ ಕೆಂಡ. ಸೊಸೆಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹಾಗಾದದ್ದಕ್ಕೆ ನಾಚಿಕೆಯೂ ಆಯಿತು.

"ಅತ್ತೆ, ಒಂಚೂರು ಬಾಯಿ ತೆಗೀರಿ."

ದಿನವಿಡೀ ಬಾಯಿ ಮುಚ್ಚದ ಅತ್ತೆ ಆಗ ಮುಚ್ಚಿದರು. ತೆರೆದದ್ದು ಬೈಯುವುದಕ್ಕೆ. "ಮಾತ್ರೆ ಕೊಡೋದು ಬಿಟ್ಟು ಕಡ್ಡಿ ಹಿಡ್ಕೊಂಡು ಬಂದ್ಯಾ? ಗಂಟಲು ಕೆರೆಯೋ ಕೆಲಸ ಮನೆಗೂ ತಂದ್ಯಾ?"

"ಮಾತ್ರೆನೂ ತಂದಿದೀನಿ. ನಿಮಗೆ ಹಾಕಿಸಿದ ಈ ಸಲದ ಫ್ಲೂ ಇಂಜೆಕ್ಷನ್‌ಗೂ ಬಗ್ಗದ ಜ್ವರ ಇದು, ಅದಕ್ಕೇ ಕಳಿಸಬೇಕು. ಇಷ್ಟು ವರ್ಷ ನಿಮ್ಮನ್ನ ಕಾಪಾಡಿದ ಇಂಜೆಕ್ಷನ್ ಬಂದಿದ್ದು ಯಾವುದೋ ದೇಶದವರ ಗಂಟಲಿಂದ. ಅವರೂ ಯಾರದೋ ಅತ್ತೆನೇ ಇರಬೇಕು."

ಅತ್ತೆ ಯೋಚಿಸಿದರು. "ಅವಳು ಸುಮ್ಮನೆ ಬಾಯಿ ತೆಗೆದ್ಲಾ?"

"ತೆಗೆದಿರ್ತಾರೆ. ಇಲ್ಲಾಂದ್ರೆ ನಮಗೆ ಮದ್ದೆಲ್ಲಿ?"

"ಹಂಗಾದ್ರೆ ನಾನೇನು ಅವಳಿಗಿಂತ ಕಮ್ಮಿ?"

ಐವತ್ತನೆಯದು ಪೆಟ್ಟಿಗೆ ಸೇರಿತು.

ಕೆಲವು ತಿಂಗಳ ಮೇಲೆ ಮೇಲಧಿಕಾರಿ ಕೈಯಲ್ಲೊಂದು ಪತ್ರ ಹಿಡಿದು ತಾವೇ ಲ್ಯಾಬಿಗೆ ಬಂದರು. "ಮೇಡಂ," ಎಂದರು, ಆ ಪದ ಅವರ ಬಾಯಿಂದ ಬಂದದ್ದು ಅದೇ ಮೊದಲು. ಮುಂದಿನ ವರ್ಷದ ಲಸಿಕೆಗೆ ಇಡೀ ಲೋಕದಿಂದ ಆರಿಸಿದ್ದು ಇದೇ ಪೆಟ್ಟಿಗೆಯ ಐವತ್ತನೇ ಸ್ಯಾಂಪಲ್. ಕೋಟಿಗಟ್ಟಲೆ ಜನಕ್ಕೆ ಅದು ಹೋಗುತ್ತದೆ. ದೇಶಕ್ಕೆ ದೊಡ್ಡ ಹೆಸರು, ಲ್ಯಾಬಿಗೆ ಇನ್ನೊಂದು ಕೋಣೆ. ಬೀಗದ ಮಾತನ್ನು ಅವರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅವರು ಹೋದ ಮೇಲೆ ಫ್ರಿಜ್ಜಿನ ಮರೆಯಲ್ಲಿ ನಿಂತು ಮನಸಾರೆ ಅತ್ತಳು.

ಮನೆಯಲ್ಲಿ ಹೇಳಿದರೆ ಅತ್ತೆ "ಹೌದಾ" ಎಂದಷ್ಟೇ ಅಂದು ಒಳಗೆ ಹೋದರು. ಸೊಸೆಗೆ ಪಿಚ್ಚೆನಿಸಿತು.

ಮರುದಿನ ಬೆಳಿಗ್ಗೆ ಲ್ಯಾಬಿನ ಬೆಂಚು ತುಂಬಿಹೋಗಿತ್ತು. ತಮ್ಮ ಬೀದಿಯ ಏಳು ಹೆಂಗಸರು. ಒಬ್ಬಳಿಗೆ ಕೆಮ್ಮು, ಐವರಿಗೆ ಸೀನು, ಕೊನೆಯವಳಿಗೆ ಏನೂ ಇಲ್ಲ, ಬಿಟ್ಟು ಬಂದರೆ ಮುನಿಸಿಕೊಳ್ಳುತ್ತಾಳೆಂದು ಕರೆತಂದದ್ದು. ಮುಂದೆ ನಿಂತಿದ್ದ ಅತ್ತೆ ಬಾಗಿಲಲ್ಲಿ ಬಂದು ನಿಂತ ಸೊಸೆಯ ಕಡೆ ಕೈ ತೋರಿಸಿದರು.

"ನೋಡ್ರೇ, ಇವಳೇ ನನ್ನ ಸೊಸೆ. ಇವಳು ಹೇಳಿದ ಹಾಗೆ ಬಾಯಿ ತೆಗೀರಿ."