ಒತ್ತಿ ಬರೆದ ಡಿಸ್ಕುಗಳು

ನಾನು ಮೂವತ್ತೊಂದು ವರ್ಷ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ದುಡಿದವಳು. ಅಲ್ಲಿ ಪ್ರತಿ ಚೀಟಿಯನ್ನೂ ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ ಬರೆಯಬೇಕಿತ್ತು. ಮೂರನೆಯದರಲ್ಲೂ ಅಕ್ಷರ ಮೂಡಬೇಕೆಂದರೆ ಬಾಲ್‌ಪೆನ್ನನ್ನು ಬಲವಾಗಿ ಒತ್ತಲೇಬೇಕು. ಆ ಚಾಳಿ ಮನೆಗೂ ಬಂತು. ನಾನು ಬರೆದದ್ದನ್ನು ಹಾಳೆ ತಿರುಗಿಸಿ ಬೆರಳಲ್ಲೇ ಓದಬಹುದು ಎಂದು ನಮ್ಮ ಯಜಮಾನರು ತಮಾಷೆ ಮಾಡುತ್ತಾರೆ. ಅಂಗಿಯ ಗುಂಡಿಯನ್ನೂ ನೆಟ್ಟಗೆ ಹಾಕಿಕೊಳ್ಳಲು ಬಾರದ ಮನುಷ್ಯ, ಅವರಿಗೇನು ಗೊತ್ತು.

ಮಗಳು ಚಿಕ್ಕವಳಿದ್ದಾಗ ಅವರು ವಿಡಿಯೋ ಕ್ಯಾಮೆರಾ ಕೊಂಡು ಕಂಡಕಂಡದ್ದನ್ನೆಲ್ಲ ತೆಗೆದರು. ಎಲ್ಲವನ್ನೂ ಸೀಡಿ ಡಿಸ್ಕಿಗೆ ಹಾಕಿಸಿದೆವು, ಒಟ್ಟು ಇಪ್ಪತ್ಮೂರು. ನೋಡುವಂಥ ಹದಿನಾಲ್ಕನ್ನು ನಾನು ಆರಿಸಿ, ಮೇಲೆ ಸಂಖ್ಯೆ, ತಾರೀಖು, ವಿಷಯ ಬರೆದು ಕಪಾಟಿನಲ್ಲಿ ಸಾಲಾಗಿ ಇಟ್ಟೆ. ಉಳಿದ ಒಂಬತ್ತರಲ್ಲಿ ಅರ್ಧ ನೆಲ, ಅರ್ಧ ಅವರ ಹೆಬ್ಬೆರಳು. ಅವು ಅವರ ಬನಿಯನ್‌ಗಳ ಅಡಿಯಲ್ಲಿ ಹೆಸರಿಲ್ಲದೆ ಬಿದ್ದಿದ್ದವು.

ಐದು ವರ್ಷದ ಹಿಂದೆ ಗಂಟಲಿನ ಗಡ್ಡೆಯ ಜೊತೆ ನನ್ನ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಈಗ ಕತ್ತಿನಲ್ಲೊಂದು ತೂತು, ಉಸಿರಾಟ ಅಲ್ಲಿಂದಲೇ. ಮಾತೆಲ್ಲ ಒಂದು ಬಿಳಿ ಹಲಗೆಯ ಮೇಲೆ. ಆಗ ಮೊಮ್ಮಗಳಿಗೆ ಒಂದು ವರ್ಷ, ಈಗ ಆರು. ಹೋದ ತಿಂಗಳು ಅವಳು ತನ್ನ ಅಮ್ಮನನ್ನು ಕೇಳುತ್ತಿದ್ದಳು, "ಅಜ್ಜಿ ಹುಟ್ಟಿದಾಗಿಂದ್ಲೂ ಹೀಗೇನಾ?"

ಹನ್ನೊಂದನೇ ಡಿಸ್ಕಿನಲ್ಲಿ ನಾನು ಮಗಳಿಗೆ ಮೊಲದ ಕಥೆ ಹೇಳಿದ್ದೆ, ಇಪ್ಪತ್ತು ನಿಮಿಷ, ಎಲ್ಲೂ ತಡವರಿಸದೆ, ಬೆಣ್ಣೆಯಂಥ ದನಿಯಲ್ಲಿ. ಅದನ್ನು ಮೊಮ್ಮಗಳು ಒಮ್ಮೆ ಕೇಳಬೇಕು, ನನಗೆ ಅಷ್ಟೇ ಬೇಕಿದ್ದದ್ದು. ಹಳೆ ಡಿಸ್ಕುಗಳನ್ನು ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವಿಗೆ ಹಾಕಿಕೊಡುವ ಅಂಗಡಿಗೆ ಇಪ್ಪತ್ಮೂರನ್ನೂ ಕೊಟ್ಟು ಬಂದೆವು.

ಎರಡು ದಿನ ಬಿಟ್ಟು ಹೋದಾಗ ಅಂಗಡಿಯವರು ನನ್ನ ಡಿಸ್ಕುಗಳನ್ನು ಬೇರೆ ಗುಡ್ಡೆ ಹಾಕಿದ್ದರು.

"ಇದರ ಮೇಲೆ ಬರೆದಿದ್ದು ಯಾರಮ್ಮಾ?"

ನಾನು ಬೀಗುತ್ತಾ ನನ್ನ ಎದೆ ಮುಟ್ಟಿ ತೋರಿಸಿದೆ.

"ಅಕ್ಷರ ಮುತ್ತಿನ ಹಾಗಿದೆ. ತೊಂದರೆ ಆಗಿದ್ದೇ ಅದ್ರಿಂದ." ಅವರು ಹನ್ನೊಂದನೆಯದನ್ನು ಟ್ಯೂಬ್‌ಲೈಟಿಗೆ ಹಿಡಿದರು. ನನ್ನ ಅಕ್ಷರಗಳ ಗೆರೆಗುಂಟ ಬೆಳಕು ತೂರಿ ಬರುತ್ತಿತ್ತು. "ವಿಡಿಯೋ ಇರೋದು ಕೆಳಗಿನ ಮೈಯಲ್ಲಿ ಅಂತ ಎಲ್ರೂ ಅಂದ್ಕೋತಾರೆ. ಅಲ್ಲ, ಮೇಲ್ಗಡೆ, ಈ ಬಣ್ಣದ ಅಡೀಲೇ. ಬಾಲ್‌ಪೆನ್ ಒತ್ತಿದ್ದಕ್ಕೆ ಆ ಪದರ ಬಿರುಕು ಬಿಟ್ಟು ಈಗ ಸಿಪ್ಪೆ ಏಳ್ತಾ ಇದೆ. ನಾಲ್ಕು ಮಷೀನಲ್ಲಿ ಹಾಕಿ ನೋಡ್ದೆ, ಒಂದೂ ಓದಲಿಲ್ಲ."

ನಾನು ಹಲಗೆಯ ಮೇಲೆ ‘ಎಷ್ಟು ಹೋದವು?’ ಎಂದು ಬರೆದೆ.

"ಹದಿನಾಲ್ಕೂ. ಇವು ಒಂಬತ್ತು ಮಾತ್ರ ಹೊಸದರ ಹಾಗಿವೆ. ಯಾರೂ ಮುಟ್ಟೇ ಇಲ್ಲ ಅನ್ಸುತ್ತೆ."

ಯಜಮಾನರು ಗೋಡೆಯ ಕಡೆ ತಿರುಗಿ ಕೆಮ್ಮಿದರು. ಬಾಯಿ ಬಿಟ್ಟಿದ್ದರೆ ಅವತ್ತು ಅವರ ಗ್ರಹಚಾರ ನೆಟ್ಟಗಿರುತ್ತಿರಲಿಲ್ಲ.

ಅಂಗಡಿಯವರು ಆ ಒಂಬತ್ತರಲ್ಲಿ ಒಂದನ್ನು ತೋರಿಸಿದರು. ಪರದೆಯ ಮೇಲೆ ನಮ್ಮ ಹಳೆ ಮನೆಯ ನೆಲ ಓಲಾಡಿತು. ಆಮೇಲೆ ಒಂದು ದನಿ: "ಈಗಷ್ಟೇ ಒರೆಸಿದ ನೆಲ, ಶೂ ಹಾಕ್ಕೊಂಡೇ ಬರ್ತೀರಲ್ಲ, ಕಣ್ಣೇನು ಹಣೆ ಮೇಲಿದೆಯಾ? ಕ್ಯಾಮೆರಾ ಹಿಡಿದ್ರೆ ಕಾಲು ನಿಮ್ದಲ್ವಾ? ನಿಮ್ಮನ್ನ ನೋಡಿ ಮಗಳೂ ಕಲೀತಾಳೆ. ಹೋಗಿ ಬಿಚ್ಚಿ!"

ಅದು ನಾನು. ನೆನಪಿನಲ್ಲಿದ್ದ ದನಿಗಿಂತ ಒಂದು ಮೆಟ್ಟಿಲು ಮೇಲೆ, ತಗಡು ಕೊಯ್ದ ಹಾಗೆ. ಒಂಬತ್ತು ಡಿಸ್ಕಿನಲ್ಲೂ ಇದೇ ಪುರಾಣ, ಗಂಡನ ನೀರಿಳಿಸಿದ್ದು, ಮಗಳನ್ನು ಗದರಿದ್ದು. ನಾಚಿಕೆಯಿಂದ ಕುಗ್ಗಿಹೋದೆ. ಅಜ್ಜಿ ಮೂಗಿ ಎಂದುಕೊಂಡರೂ ಪರವಾಗಿಲ್ಲ, ಗಯ್ಯಾಳಿ ಎಂದುಕೊಳ್ಳುವುದು ಬೇಡ. ‘ಧ್ವನಿ ತೆಗೆದುಬಿಡಿ. ಚಿತ್ರ ಮಾತ್ರ ಸಾಕು’ ಎಂದು ಬರೆದು ಅಂಗಡಿಯವರ ಮುಂದೆ ಹಿಡಿದೆ.

ಯಜಮಾನರು ನನ್ನ ಕೈಯಿಂದ ಹಲಗೆ ತೆಗೆದುಕೊಂಡು ಬರೆದದ್ದನ್ನು ತೋಳಿನಿಂದ ಒರೆಸಿದರು. ಹಾಗೆ ಅವರು ಯಾವತ್ತೂ ಮಾಡಿದವರಲ್ಲ.

"ಧ್ವನಿ ಇರ್ಲಿ," ಎಂದರು. "ಚಿತ್ರದಲ್ಲಿ ಏನಿದೆ, ನನ್ನ ಹೆಬ್ಬೆರಳು."

ಭಾನುವಾರ ಮಗಳು ಮೊಮ್ಮಗಳನ್ನು ಕರೆದುಕೊಂಡು ಬಂದಳು. ಯಜಮಾನರು ಟೀವಿಗೆ ಪೆನ್‌ಡ್ರೈವ್ ಚುಚ್ಚುತ್ತಿದ್ದಂತೆ ನಾನು ಅಡುಗೆಮನೆಗೆ ಹೋಗಿ ನೆಲ ಒರೆಸತೊಡಗಿದೆ. ಒರೆಸುವ ಅಗತ್ಯವೇನೂ ಇರಲಿಲ್ಲ. ಆಚೆಯಿಂದ ನನ್ನ ದನಿ ಕೇಳಿತು.

"ಇದ್ಯಾರು ಬೈತಿರೋದು?"

"ನಿಮ್ಮಜ್ಜಿ," ಎಂದಳು ಮಗಳು.

ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಅದನ್ನೇ ಮೂರು ಸಲ ಹಾಕಿಸಿಕೊಂಡು ನೋಡಿದಳು. ನಾನು ಅದೇ ಜಾಗವನ್ನು ಮತ್ತೆ ಮತ್ತೆ ಒರೆಸಿದೆ. ಕೊನೆಗೆ ಅವಳು ಬಾಗಿಲಿಗೆ ಬಂದು ನಿಂತಳು.

"ಅಜ್ಜಿ, ತಾತಂಗೆ ಬೈದ ಹಾಗೆ ನಂಗೂ ಬೈ."

‘ಬೈಯಲು ನೀನೇನು ತಪ್ಪು ಮಾಡಿದ್ದೀಯ?’ ಎಂದು ಬರೆದು ತೋರಿಸಿದೆ.

ಅಕ್ಷರ ಕೂಡಿಸಿ ಓದಿ, ಒಂದು ಗಳಿಗೆ ಯೋಚಿಸಿ, ಹೊರಗೆ ಓಡಿದಳು. ಬಂದಾಗ ಎರಡೂ ಕಾಲಿಗೆ ಶೂ ಇತ್ತು, ಶೂ ತುಂಬ ಅಂಗಳದ ಮಣ್ಣು. ಹಸಿ ನೆಲದ ಮೇಲೆ ನಡೆದು ಬಂದು, ಅಡುಗೆಮನೆಯ ನಟ್ಟನಡುವೆ ನಿಂತು, ನನ್ನ ಮುಖವನ್ನೇ ನೋಡಿದಳು.

ಹಲಗೆಯನ್ನು ಕೆಳಗಿಟ್ಟೆ. ಬೆರಳೆತ್ತಿ ಬಾಯಿ ತೆರೆದೆ. ಉಸಿರು ಕತ್ತಿನಿಂದ ಹೋಯಿತು, ತುಟಿ ಮಾತ್ರ ಆಡಿತು. ಆದರೂ ಕಣ್ಣು, ಹಣೆ, ಕಾಲು, ಒರೆಸಿದ ನೆಲ, ಒಂದನ್ನೂ ಬಿಡದೆ ಬೈದೆ. ಐದು ವರ್ಷದಿಂದ ಒಳಗೆ ಕಟ್ಟಿಕೊಂಡಿದ್ದದ್ದೆಲ್ಲ ಬಂತು, ಜೊತೆಗೆ ಅಳುವೂ ಬಂತು. ಅವಳು ನನ್ನ ತುಟಿಯಿಂದ ಕಣ್ಣು ಕೀಳದೆ ಪೂರ್ತಿ ಬೈಸಿಕೊಂಡಳು.

"ಮುಗೀತಾ ಅಜ್ಜಿ?"

ಇನ್ನೊಂದು ಬಾಕಿ ಇತ್ತು. ಅದನ್ನೂ ಹೇಳಿದೆ. ಅವಳು "ಸರಿ" ಎಂದು ಅಲ್ಲೇ ಕೂತು ಶೂ ಬಿಚ್ಚಿದಳು.