ಗಾಜಿನ ಮೇಲಿನ ಚೀಟಿ

ಗುಡ್ಡಕ್ಕೆ ಬೆಂಕಿ ಬಿದ್ದ ಮೂರನೆಯ ದಿನ ಊರಿನ ಸಮುದಾಯ ರೇಡಿಯೋದಲ್ಲಿ ಉಳಿದವರು ಇಬ್ಬರೇ, ಆ ಇಬ್ಬರ ನಡುವೆಯೂ ಮಾತಿಲ್ಲ. ಮಿಕ್ಕ ಐವರು ಹೊಗೆ ಕಂಡ ದಿನವೇ ಕಾಲಿಗೆ ಬುದ್ಧಿ ಹೇಳಿದ್ದರು. ಉಳಿದವರಲ್ಲಿ ಒಬ್ಬಳು ಉದ್ಘೋಷಕಿ. ಇನ್ನೊಬ್ಬ ಯಂತ್ರಗಳನ್ನು ನೋಡಿಕೊಳ್ಳುವವನು. ಕಿವಿಯ ಮೇಲೆ ಸದಾ ತಿರುಪುಳಿ ಸಿಕ್ಕಿಸಿಕೊಂಡಿರುತ್ತಿದ್ದರಿಂದ ಅವನ ಹೆಸರೇ ತಿರುಪುಳಿ ಆಗಿತ್ತು.

ಮೊದಲ ದಿನ ಅವನು ಒಂದು ಗಂಟೆ ನಿದ್ದೆ ಹೋದದ್ದನ್ನು ಅವಳು ರೇಡಿಯೋ ಸಮಿತಿಯ ಅಧ್ಯಕ್ಷರಿಗೆ ಚಾಡಿ ಹೇಳಿದ್ದಳು. ಅಂದಿನಿಂದ ಎರಡು ಕೋಣೆಗಳ ನಡುವಿನ ಗಾಜಿಗೆ ಚೀಟಿ ಅಂಟಿಸುವುದೇ ಮಾತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಈ ಸಂಸಾರವನ್ನೇ ಊರು ನಂಬಿ ಕೂತಿತ್ತು.

ಬೆಳಿಗ್ಗೆ ಅವಳು ಧ್ವನಿಮುದ್ರಿಸಿದ ಸೂಚನೆ ಕಾಲು ಗಂಟೆಗೊಮ್ಮೆ ತಾನಾಗಿ ಬರುತ್ತಿತ್ತು: "ಮೇಲಿನ ರಸ್ತೆ ತೆರೆದಿದೆ. ಊರು ಬಿಡುವವರು ಅದೇ ದಾರಿ ಹಿಡಿಯಿರಿ." ಹತ್ತು ಗಂಟೆ ದಾಟುತ್ತಲೇ ಅಗ್ನಿಶಾಮಕದವರ ಫೋನ್ ಬಂತು. ಬೆಂಕಿ ಮೇಲಿನ ರಸ್ತೆಗೆ ಹಾರಿದೆ. ಸೂಚನೆ ನಿಲ್ಲಿಸುವ, ಅವಳ ಮೈಕ್ ಹಾಕುವ ಗುಂಡಿಗಳಿದ್ದದ್ದು ಅವನ ಕೋಣೆಯಲ್ಲಿ. ಅವಳು ದಪ್ಪಕ್ಷರದಲ್ಲಿ ಬರೆದು ಅಂಟಿಸಿದಳು: 'ರಸ್ತೆ ಮುಚ್ಚಿದೆ. ಸೂಚನೆ ತೆಗೆ. ಮೈಕ್ ಕೊಡು.' ತಿರುಪುಳಿ ತಲೆಯೆತ್ತಿ, ಚೀಟಿ ಕಂಡು, ಓದದೆಯೇ ಪರದೆ ಎಳೆದ.

ಅವಳಿಗೆ ಮೈಯೆಲ್ಲ ಉರಿಯಿತು. ಅವನ ಬಾಗಿಲಿಗೆ ನಾಲ್ಕೇ ಹೆಜ್ಜೆ. ಆದರೆ ನಾನೇಕೆ ಹೋಗಬೇಕು? ಓದಿರ್ತಾನೆ, ಕೊಬ್ಬು ತೋರಿಸ್ತಿದ್ದಾನೆ ಅಷ್ಟೆ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು, ಬಡಿದುಕೊಳ್ಳುತ್ತಿದ್ದ ಫೋನ್ ಎತ್ತಿದಳು. ಹೊಗೆಗೂ ಅವಳೇ ಕಾರಣ ಎಂಬಂತೆ ಯಾರೋ ಬೈದರು. ಅವಳೂ ಬಿಡಲಿಲ್ಲ. ಬೈಗುಳ ಮುಗಿಯುವುದರೊಳಗೆ ಹತ್ತೂಕಾಲು ಆಗಿ, ಗೋಡೆಯ ಸ್ಪೀಕರಿನಲ್ಲಿ ಅವಳದೇ ದನಿ ನುಣ್ಣಗೆ ಹೇಳಿತು: ಮೇಲಿನ ರಸ್ತೆ ತೆರೆದಿದೆ.

ಅವಳು ಕುರ್ಚಿ ತಳ್ಳಿ ಏಳುವಷ್ಟರಲ್ಲಿ ಮತ್ತೆ ಫೋನ್. ಅಕ್ಕ.

"ಈಗ ಹೊರಟ್ವಿ ಕಣೇ, ಮಕ್ಕಳೂ ಇದ್ದಾರೆ. ಮೇಲಿನ ರಸ್ತೇನೇ. ನಿನ್ನ ದನಿ ಕೇಳಿದ್ಮೇಲೇ ಧೈರ್ಯ ಬಂತು."

"ಅಕ್ಕಾ, ಬೇಡ..."

ಲೈನ್ ಕಡಿದಿತ್ತು.

ಆಗ ಆ ನಾಲ್ಕು ಹೆಜ್ಜೆ ಎರಡೇ ಆದವು. ಬಾಗಿಲು ಒದ್ದು, "ಮೈಕ್ ಹಾಕೋ ಪಾಪಿ! ರಸ್ತೆ ಮುಚ್ಚಿದೆ!" ಎಂದು ಕಿರುಚಿದಳು. ತಿರುಪುಳಿ ತಡಬಡಿಸಿ ಗುಂಡಿಗೆ ಕೈಹಾಕಿದ. ಮೈಕ್ ಬಂತು. ಮೇಲಿನ ರಸ್ತೆ ಮುಚ್ಚಿದೆ, ಬೆಳಿಗ್ಗೆ ನಾನು ಹೇಳಿದ್ದನ್ನು ನಂಬಬೇಡಿ, ಹಿಂದಿರುಗಿ ಎಂದು ಗಂಟಲು ಕಟ್ಟುವ ತನಕ ಹೇಳಿದಳು.

ಅರ್ಧ ಗಂಟೆಯ ಮೇಲೆ ಅಕ್ಕ ಮತ್ತೆ ಸಿಕ್ಕಳು. "ಕಾರಲ್ಲಿ ರೇಡಿಯೋ ಹಾಕಿದ್ದೆ. ತಿರುಗಿಸ್ಕೊಂಡು ಬಂದ್ವಿ."

ಅವಳು ಅತ್ತೇಬಿಟ್ಟಳು.

"ಅಳಬೇಡ, ಕೇಳು. ನಮ್ಮ ಮುಂದೆ ಪಕ್ಕದ್ಮನೆ ದರ್ಜಿ ಇದ್ದ. ಹೆಂಡತಿ, ಕೂಸು, ಸ್ಕೂಟರ್ ಮೇಲೆ. ಕೂಗಿದೆ, ಹಾರ್ನ್ ಹೊಡೆದೆ, ಹೊಗೇಲಿ ಹೋಗೇಬಿಟ್ಟ. ಪಾಪ, ಬರೋಕೇ ಒಪ್ಪಿರ್ಲಿಲ್ಲ. ನನ್ನ ತಂಗಿ ದನಿ ಅದು, ಸುಳ್ಳಾಡಲ್ಲ ಅಂತ ನಾನೇ ಹೊರಡ್ಸಿದ್ದು. ಇನ್ಮೇಲೆ ನಿನ್ನ ದನಿ ನನ್ನ ಕಿವಿಗೆ ಬೀಳ್ಬಾರ್ದು."

ತಿರುಪುಳಿ ಬಂದು ಗಾಜಿನ ಚೀಟಿ ಕಿತ್ತು ಓದಿದ. "ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ಓದೋಕೆ ಏನಾಗಿತ್ತು ನಿಂಗೆ?"

ಹನ್ನೊಂದು ಗಂಟೆಯ ಸೂಚನೆಗೆ ಹೊತ್ತಾಗಿತ್ತು. ಹೇಳಲು ಬೇರೆ ಯಾರೂ ಇರಲಿಲ್ಲ. ಅವಳು ಅದೇ ದನಿಯಲ್ಲಿ ಶುರುಮಾಡಿದಳು.